ಮಂತ್ರಕವಚದ ಗಣಿತ

ಕವಚವೆಂದೊಡನೆ ನಮ್ಮ ನೆನಪಿಗೆ ಬರುವವನು ಮಹಾಭಾರತದ ಕರ್ಣ. ಹುಟ್ಟಿನೊಡನೆ ಬಂದ ಕವಚವನ್ನು ಅವನು ಇಂದ್ರನಿಗೆ ದಾನವಾಗಿ ಕೊಟ್ಟ ಕಥೆಯನ್ನು ಅರಿಯದವರಾರು? ದ್ರೋಣಪರ್ವದಲ್ಲಿ ಆಚಾರ್ಯ ದ್ರೋಣನು ಮಂತ್ರಪೂರ್ವಕವಾಗಿ ದುರ್ಯೋಧನನಿಗೆ ಕವಚವನ್ನು ತೊಡಿಸಿ ಅರ್ಜುನನ ಇದಿರಿಗೆ ಕಳುಹಿಸುವ ಪ್ರಸಂಗವೂ ಉಂಟು. ಆ ಕವಚಗಳು ಪೆಟ್ಟಿನ ಎಷ್ಟು ಪಾಲನ್ನು ತಡೆಯುತ್ತಿದ್ದುವೆಂಬುದನ್ನು ಕವಿ ಹೇಳಿಲ್ಲ. ಹೇಳಬೇಕಾದ ಅಗತ್ಯವೂ ಕಾವ್ಯಕ್ಕಿಲ್ಲ. ಆದರೆ ಗಣಕಯಂತ್ರದ ಆಟಗಳಲ್ಲಿ ಮಂತ್ರಕವಚಕ್ಕೆ ಖಚಿತವಾದ ಲೆಕ್ಕವುಂಟು. ಯಂತ್ರಕ್ಕೆ ಅಂಕಿಗಳ ಹೊರತು ಬೇರೆ ಭಾಷೆ ತಿಳಿಯದು. ಆದುದರಿಂದ ಆಟವನ್ನು ರಚಿಸಿದವರು ಪ್ರತಿಯೊಂದು ಮಂತ್ರಕ್ಕೂ ಒಂದು ಸಂಖ್ಯೆಯನ್ನೂ, ಆ ಸಂಖ್ಯೆಗಳು ಒಂದರೊಡನೊಂದು ಕೂಡುವ ಬಗೆಗೆ ಒಂದು ನಿಯಮವನ್ನೂ ಗೊತ್ತುಪಡಿಸಲೇ ಬೇಕು.

ಈ ನಿಯಮಗಳನ್ನು ಪರಿಶೀಲಿಸಿದಲ್ಲಿ, ಶೇಕಡ ಲೆಕ್ಕದ ವಿಷಯದಲ್ಲಿ ನಾವು ದಿನನಿತ್ಯ ಮಾಡಿಕೊಳ್ಳುವ ಊಹೆಗಳು ಎಷ್ಟೋ ಬಾರಿ ತಪ್ಪೆಂಬುದು ಗೋಚರವಾಗುತ್ತದೆ. ಆಟವಾಡುವ ತರುಣ ವಾಚಕರಿಗೆ ಇದರಿಂದ ಆಟದಲ್ಲಿ ಲಾಭವಾದೀತು; ಆಡದವರಿಗೆ ಲೆಕ್ಕದಲ್ಲಿ ಲಾಭವಾದೀತು.

ಆಟದ ಪರಿಚಯ

ವಿವೇಚನೆಗೆ ಒಂದು ನಿಶ್ಚಿತವಾದ ಆಟವನ್ನು ತೆಗೆದುಕೊಳ್ಳೋಣ. ಅಮೆರಿಕದ ಮೇರಿಲ್ಯಾಂಡ್ ಸಂಸ್ಥಾನದಲ್ಲಿರುವ ಬೆಥೆಸ್ಡ ಗೇಮ್ ಸ್ಟುಡಿಯೋಸ್ ಎಂಬ ಸಂಸ್ಥೆ 2011ರ ನವೆಂಬರ್ 11ರಂದು ಹೊರತಂದ ‘ಸ್ಕೈರಿಮ್’ ಈ ಬಗೆಯ ಆಟಗಳಲ್ಲಿ ಅತ್ಯಂತ ಪ್ರಸಿದ್ಧವಾದುದು. 1994ರಲ್ಲಿ ಮೊದಲಾದ ‘ಎಲ್ಡರ್ ಸ್ಕ್ರೋಲ್ಸ್’ ಎಂಬ ಮಾಲೆಯಲ್ಲಿ ಇದು ಐದನೆಯ ಆಟ. ಹಿಮಾವೃತವಾದ ಒಂದು ಪರ್ವತಪ್ರದೇಶ. ಅಲ್ಲಿ ಬೆಂಕಿಯನ್ನೋ ಹಿಮವನ್ನೋ ಉಗುಳುವ ಮಹಾಸರ್ಪಗಳು, ಮಾಂತ್ರಿಕರು, ಕಳ್ಳರು, ಯೋಧರು. ಆಟಗಾರನು ಇವರ ನಡುವೆ ಒಬ್ಬ ವೀರನ ಪಾತ್ರವನ್ನು ವಹಿಸುತ್ತಾನೆ.

ವೀರನು ತೊಡುವ ಸಲಕರಣೆಗಳು ಏಳು: ಶಿರಸ್ತ್ರಾಣ, ಎದೆಗವಚ, ಕೈಗವಸು, ಪಾದರಕ್ಷೆ, ಗುರಾಣಿ, ಉಂಗುರ ಮತ್ತು ಕಂಠಹಾರ. ಇವುಗಳಿಗೆ ಮಂತ್ರಶಕ್ತಿಯನ್ನು ತುಂಬುವ ಕ್ರಿಯೆಯನ್ನು ಆಟಗಾರರು ‘ಎನ್‌ಚಾಂಟ್‌ಮೆಂಟ್’ ಎನ್ನುತ್ತಾರೆ. ನಾವು ಅದನ್ನು ಮಂತ್ರಸಂಸ್ಕಾರವೆಂದು ಕರೆಯೋಣ. ಇದಕ್ಕೆ ಮೂರು ವಸ್ತುಗಳು ಬೇಕು: ಒಂದು ಮಂತ್ರವೇದಿ, ಸಂಸ್ಕಾರವಿಲ್ಲದ ಒಂದು ಸಲಕರಣೆ, ಮತ್ತು ಸೋತ ಜೀವಿಯ ಚೈತನ್ಯವನ್ನು ಹಿಡಿದಿಟ್ಟ ಒಂದು ಆತ್ಮರತ್ನ. ರತ್ನಗಳಲ್ಲಿ ಐದು ದರ್ಜೆಗಳುಂಟು. ಅತಿ ಕಿರಿದಾದುದರಲ್ಲಿ 250 ಅಂಶ ಚೈತನ್ಯ ಹಿಡಿಸಿದರೆ ಅತಿ ಹಿರಿದಾದುದರಲ್ಲಿ 3,000 ಅಂಶ ಹಿಡಿಸುತ್ತದೆ. ರತ್ನ ಹಿರಿದಾದಷ್ಟೂ, ವೀರನ ಕೌಶಲ ಬೆಳೆದಷ್ಟೂ ಸಂಸ್ಕಾರದ ಬಲ ಹೆಚ್ಚುತ್ತದೆ.

ಇಲ್ಲಿ ಗಮನಿಸಬೇಕಾದ ಮುಖ್ಯ ಸಂಗತಿಯೊಂದುಂಟು. ಒಮ್ಮೆ ಸಂಸ್ಕಾರ ಹೊಂದಿದ ವಸ್ತುವಿಗೆ ಮತ್ತೆ ಸಂಸ್ಕಾರ ಮಾಡಲು ಬರುವುದಿಲ್ಲ. ಹೊಸ ಮಂತ್ರವನ್ನು ಕಲಿಯಬೇಕಾದರೂ ಆ ಮಂತ್ರವುಳ್ಳ ಒಂದು ವಸ್ತುವನ್ನು ವೇದಿಯ ಮೇಲೆ ನಾಶಮಾಡಬೇಕಾಗುತ್ತದೆ. ಸಾಮಾನ್ಯವಾಗಿ ಒಂದು ವಸ್ತುವಿಗೆ ಒಂದೇ ಮಂತ್ರ. ಕೌಶಲವು 100ನ್ನು ಮುಟ್ಟಿದ ಮೇಲೆ ಒಂದು ವಿಶೇಷ ವಿದ್ಯೆಯನ್ನು ಪಡೆದವನು ಮಾತ್ರ ಒಂದೊಂದಕ್ಕೆ ಎರಡು ಮಂತ್ರಗಳನ್ನು ಕೂಡಿಸಬಲ್ಲನು. ಸ್ಥಳ ಕಡಿಮೆ, ಆಸೆ ಹೆಚ್ಚು, ಮಾಡಿದ್ದನ್ನು ಅಳಿಸಲು ಆಗದು. ಆದುದರಿಂದಲೇ ಇಲ್ಲಿ ಯೋಚನೆ ಅಗತ್ಯ.

ಕವಚಾಂಕದ ನಿಯಮ

ಮೊದಲು ಕತ್ತಿ, ಕೊಡಲಿ, ಬಾಣಗಳ ಪೆಟ್ಟನ್ನು ನೋಡೋಣ. ಪ್ರತಿಯೊಂದು ಕವಚಕ್ಕೂ ಒಂದು ಕವಚಾಂಕವಿರುತ್ತದೆ. ತೊಟ್ಟ ಎಲ್ಲ ಭಾಗಗಳ ಅಂಕಗಳ ಮೊತ್ತದಲ್ಲಿ ಒಂದೊಂದು ಅಂಕವೂ ಪೆಟ್ಟಿನ ಶೇಕಡ 0.12 ಭಾಗವನ್ನು ತಡೆಯುತ್ತದೆ. ಇದಲ್ಲದೆ, ಪರದೆಯ ಮೇಲೆ ಕಾಣಿಸದಿದ್ದರೂ, ತೊಟ್ಟ ಪ್ರತಿಯೊಂದು ಕವಚಭಾಗಕ್ಕೂ ಶೇಕಡ 3ರಂತೆ ಹೆಚ್ಚಿನ ರಕ್ಷಣೆ ದೊರೆಯುತ್ತದೆ. ಶಿರಸ್ತ್ರಾಣ, ಎದೆಗವಚ, ಕೈಗವಸು, ಪಾದರಕ್ಷೆ ನಾಲ್ಕನ್ನೂ ತೊಟ್ಟವನಿಗೆ ಹೀಗೆ ಶೇಕಡ 12 ರಕ್ಷಣೆ ತಾನಾಗಿಯೇ ಬರುತ್ತದೆ. ಆದರೆ ಒಟ್ಟು ರಕ್ಷಣೆ ಶೇಕಡ 80ನ್ನು ಎಂದಿಗೂ ಮೀರಲಾರದು. ಅದು ಗರಿಷ್ಠ ಮಿತಿ.

ಈಗ ಒಂದು ಪ್ರಶ್ನೆ. ಕವಚಾಂಕವು 100ರಿಂದ 200ಕ್ಕೆ ಏರುವುದು ಹೆಚ್ಚು ಪ್ರಯೋಜನಕರವೋ, 400ರಿಂದ 500ಕ್ಕೆ ಏರುವುದೋ? ಎರಡೆಡೆಯಲ್ಲಿಯೂ ರಕ್ಷಣೆ ಹೆಚ್ಚುವುದು ಶೇಕಡ 12ರಷ್ಟೇ. ಆದುದರಿಂದ ಎರಡೂ ಸಮವೆಂದು ಹಲವರು ಹೇಳಬಹುದು. ಬರಬರುತ್ತ ಲಾಭ ಕುಗ್ಗುವುದು ಲೋಕನಿಯಮವಾದುದರಿಂದ ಮೊದಲನೆಯದೇ ಮೇಲೆಂದು ಇನ್ನು ಕೆಲವರು ಹೇಳಬಹುದು. ಎರಡು ಉತ್ತರಗಳೂ ಸರಿಯಲ್ಲ.

ಕಾರಣವನ್ನು ತಿಳಿಯಲು ದೃಷ್ಟಿಯನ್ನು ತುಸು ತಿರುಗಿಸಬೇಕು. ತಡೆಯಲ್ಪಟ್ಟ ಪಾಲು ವೀರನನ್ನು ಬಾಧಿಸುವುದಿಲ್ಲ. ಅವನನ್ನು ಬಾಧಿಸುವುದು ಒಳಗೆ ನುಸುಳಿದ ಪಾಲು. ವೀರನ ಪ್ರಾಣಬಲ 100 ಎಂದಿರಲಿ. ಕವಚವು ಪೆಟ್ಟಿನ ಅರ್ಧವನ್ನು ತಡೆದರೆ, ಅವನು ಬೀಳಬೇಕಾದರೆ ಶತ್ರು ಒಟ್ಟು 200 ಅಂಶ ಪೆಟ್ಟನ್ನು ಹೊಡೆಯಬೇಕು. ಮುಕ್ಕಾಲನ್ನು ತಡೆದರೆ 400 ಅಂಶ ಹೊಡೆಯಬೇಕು. ಈ ಸಂಖ್ಯೆಯನ್ನು ‘ಫಲಿತ ಪ್ರಾಣಬಲ’ವೆಂದು ಕರೆಯೋಣ. ಪ್ರಾಣಬಲವನ್ನು ನುಸುಳುವ ಪಾಲಿನಿಂದ ಭಾಗಿಸಿದರೆ ಇದು ದೊರೆಯುತ್ತದೆ.

ನಾಲ್ಕು ಭಾಗಗಳನ್ನು ತೊಟ್ಟ, 100 ಪ್ರಾಣಬಲವುಳ್ಳ ವೀರನಿಗೆ ಲೆಕ್ಕ ಹೀಗಾಗುತ್ತದೆ:

ಕವಚಾಂಕ 100: ತಡೆ ಶೇಕಡ 24, ಫಲಿತ ಪ್ರಾಣಬಲ 132
ಕವಚಾಂಕ 200: ತಡೆ ಶೇಕಡ 36, ಫಲಿತ ಪ್ರಾಣಬಲ 156
ಕವಚಾಂಕ 300: ತಡೆ ಶೇಕಡ 48, ಫಲಿತ ಪ್ರಾಣಬಲ 192
ಕವಚಾಂಕ 400: ತಡೆ ಶೇಕಡ 60, ಫಲಿತ ಪ್ರಾಣಬಲ 250
ಕವಚಾಂಕ 500: ತಡೆ ಶೇಕಡ 72, ಫಲಿತ ಪ್ರಾಣಬಲ 357
ಕವಚಾಂಕ 567: ತಡೆ ಶೇಕಡ 80, ಫಲಿತ ಪ್ರಾಣಬಲ 500

ಮೊದಲ ನೂರರ ಏರಿಕೆಯಿಂದ ದೊರೆತುದು 24 ಅಂಶ. 400ರಿಂದ 500ರವರೆಗಿನ ಏರಿಕೆಯಿಂದ ದೊರೆತುದು 107 ಅಂಶ. ಕೊನೆಯ 67 ಅಂಕಗಳಿಂದಲೇ 143 ಅಂಶ! ಲಾಭ ಕುಗ್ಗುವುದಿಲ್ಲ, ಹಿಗ್ಗುತ್ತ ಹೋಗುತ್ತದೆ. ಆದರೆ 567ನ್ನು ದಾಟಿದ ಕ್ಷಣವೇ ಅದು ಸೊನ್ನೆಗೆ ಇಳಿಯುತ್ತದೆ. 800 ಕವಚಾಂಕವುಳ್ಳವನೂ 567 ಉಳ್ಳವನೂ ಕತ್ತಿಯ ಮುಂದೆ ಸಮಾನರೇ. ಗುರಾಣಿಯನ್ನೂ ಹಿಡಿದವನಿಗೆ ಐದು ಭಾಗಗಳ ಶೇಕಡ 15 ಸಿಕ್ಕುವುದರಿಂದ 542 ಅಂಕಗಳೇ ಸಾಕು.

ಇದರಿಂದ ಮೊದಲನೆಯ ಸೂತ್ರ ಸಿದ್ಧವಾಯಿತು: ಮಿತಿಗೆ ಸಮೀಪವಾಗಿರುವವನು ಮಿತಿಯನ್ನು ಮುಟ್ಟುವವರೆಗೂ ಬಿಡಬಾರದು, ಮುಟ್ಟಿದ ಮೇಲೆ ಒಂದು ಅಂಕವನ್ನೂ ಅದಕ್ಕಾಗಿ ವ್ಯಯಮಾಡಬಾರದು. ಕವಚಕೌಶಲವನ್ನು ಹೆಚ್ಚಿಸುವ ಮಂತ್ರಗಳು ಈ ಆಟದಲ್ಲಿ ಉಂಟಾದರೂ, ಕಮ್ಮಾರಿಕೆಯಿಂದಲೇ ಕವಚವನ್ನು ಹದಗೊಳಿಸಿ ಮಿತಿಯನ್ನು ಮುಟ್ಟಿದವನಿಗೆ ಅವು ಕೇವಲ ಭಾರ.

ಬೆಂಕಿಗೆ ಕವಚ ಯಾವುದು?

ಕವಚಾಂಕವು ಲೋಹದ ಪೆಟ್ಟನ್ನು ತಡೆಯುತ್ತದೆಯೇ ಹೊರತು ಮಾಂತ್ರಿಕನ ಬೆಂಕಿಯನ್ನಾಗಲಿ ಮಹಾಸರ್ಪದ ಉಸಿರನ್ನಾಗಲಿ ತಡೆಯುವುದಿಲ್ಲ. ಅವಕ್ಕೆ ಬೇರೆಯೇ ರಕ್ಷಣೆ ಬೇಕು. ಇದರಲ್ಲಿ ಎರಡು ತೆರೆಗಳುಂಟು. ಒಂದು, ಸಮಸ್ತ ಮಾಯೆಯನ್ನೂ ತಡೆಯುವ ಸಾಮಾನ್ಯ ‘ಮಾಯಾನಿರೋಧ’. ಇನ್ನೊಂದು, ಬೆಂಕಿ, ಹಿಮ, ವಿದ್ಯುತ್ತು ಎಂಬ ಮೂರರಲ್ಲಿ ಒಂದೊಂದನ್ನೇ ತಡೆಯುವ ವಿಶೇಷ ನಿರೋಧ. ಒಂದೊಂದು ತೆರೆಗೂ ಮಿತಿ ಶೇಕಡ 85.

ಒಂದೇ ತೆರೆಗೆ ಸೇರಿದ ಸಂಖ್ಯೆಗಳು ಒಂದರೊಡನೊಂದು ಕೂಡಿಕೊಳ್ಳುತ್ತವೆ. ಬೇರೆ ಬೇರೆ ತೆರೆಗಳಾದರೋ, ಒಂದನ್ನು ದಾಟಿ ಬಂದ ಪಾಲನ್ನು ಮಾತ್ರ ಮತ್ತೊಂದು ತಡೆಯುತ್ತದೆ. ಅರ್ಥಾತ್, ನುಸುಳುವ ಪಾಲುಗಳು ಪರಸ್ಪರ ಗುಣಿಸಲ್ಪಡುತ್ತವೆ. ಮಾಯಾನಿರೋಧ ಶೇಕಡ 50, ಅಗ್ನಿನಿರೋಧ ಶೇಕಡ 50 ಇದ್ದಲ್ಲಿ ಬೆಂಕಿಯ ಕಾಲು ಭಾಗ ಒಳಗೆ ಬರುತ್ತದೆ. ಎರಡೂ ಶೇಕಡ 85 ಆದರೆ 0.15 × 0.15, ಎಂದರೆ ಶೇಕಡ 2.25 ಮಾತ್ರ ನುಸುಳುತ್ತದೆ.

ಭೌತವಿಜ್ಞಾನದ ವಿದ್ಯಾರ್ಥಿಗಳಿಗೆ ಇದು ಪರಿಚಿತವಾದ ನಿಯಮ. ಕೋಬಾಲ್ಟ್-60ರಿಂದ ಹೊರಡುವ ಗ್ಯಾಮಾ ಕಿರಣಗಳ ಒಂದು ಕಿರಿದಾದ ಪುಂಜಕ್ಕೆ ಸುಮಾರು 12 ಮಿಲಿಮೀಟರ್ ದಪ್ಪದ ಸೀಸದ ಹಲಗೆಯನ್ನು ಅಡ್ಡವಿಟ್ಟರೆ ಅದರ ತೀವ್ರತೆ ಅರ್ಧವಾಗುತ್ತದೆ. ಅಂಥದೇ ಎರಡನೆಯ ಹಲಗೆ ಇಟ್ಟರೆ ಉಳಿದ ಅರ್ಧವೂ ಇಲ್ಲವಾಗುವುದೇ? ಇಲ್ಲ, ಅರ್ಧದ ಅರ್ಧ ಉಳಿಯುತ್ತದೆ. ಐದು ಹಲಗೆಗಳ ಹಿಂದೆಯೂ ಮೂವತ್ತೆರಡರಲ್ಲಿ ಒಂದು ಪಾಲು ಉಳಿದೇ ಇರುತ್ತದೆ. ಆಸ್ಪತ್ರೆಗಳಲ್ಲಿ ಕಿರಣಚಿಕಿತ್ಸೆಯ ಕೊಠಡಿಗಳಿಗೆ ಗೋಡೆಯ ದಪ್ಪವನ್ನು ನಿರ್ಧರಿಸುವವರು ಈ ಗುಣಾಕಾರದ ನಿಯಮವನ್ನು ಮರೆತು ಕೂಡಿಕೆಯ ನಿಯಮವನ್ನು ಹಿಡಿದರೆ ಗೋಡೆಯಾಚೆಗಿರುವವರ ಪ್ರಾಣಕ್ಕೇ ಅಪಾಯ. ಪ್ರಕೃತಿಯಲ್ಲಿ ತೆರೆಗಳು ಸಾಮಾನ್ಯವಾಗಿ ಹೀಗೆ ಗುಣಿಸಿಕೊಳ್ಳುತ್ತವೆ. ಆಟದ ಸ್ವಾರಸ್ಯವೇನೆಂದರೆ, ಅದು ಎರಡು ನಿಯಮಗಳನ್ನೂ ಬೆರಸಿ ಬಳಸುತ್ತದೆ.

ಯಾವ ತೆರೆಗೆ ಸೇರಿಸಬೇಕು?

ಒಬ್ಬ ವೀರನಿಗೆ ಈಗಾಗಲೇ ಶೇಕಡ 50 ಮಾಯಾನಿರೋಧವಿದೆ. ಅಗ್ನಿನಿರೋಧ ಏನೂ ಇಲ್ಲ. ಕೈಯಲ್ಲಿ ಒಂದು ಉಂಗುರವಿದೆ. ಅದರಲ್ಲಿ ಶೇಕಡ 30 ಬಲದ ಮಂತ್ರವನ್ನು ತುಂಬಬಹುದೆಂದು ಭಾವಿಸೋಣ. ಇಲ್ಲದಿರುವ ಅಗ್ನಿನಿರೋಧವನ್ನು ತುಂಬಿದರೆ ಸಮತೋಲವಾದೀತೆಂದು ತೋರುವುದು ಸಹಜ. ಲೆಕ್ಕವನ್ನು ನೋಡಿ: ಅಗ್ನಿನಿರೋಧವಾದರೆ ನುಸುಳುವ ಬೆಂಕಿ 0.50 × 0.70, ಎಂದರೆ ಶೇಕಡ 35. ಮಾಯಾನಿರೋಧವನ್ನೇ ಹೆಚ್ಚಿಸಿದರೆ ಅದು 80 ಆಗಿ ಶೇಕಡ 20 ಮಾತ್ರ ನುಸುಳುತ್ತದೆ.

ಇದನ್ನು ಸಾಮಾನ್ಯರೂಪದಲ್ಲಿ ಸಾಧಿಸಬಹುದು. ಮಾಯಾನಿರೋಧವನ್ನು ‘ಮ’, ಅಗ್ನಿನಿರೋಧವನ್ನು ‘ಬ’, ಹೊಸದಾಗಿ ಕೂಡುವುದನ್ನು ‘ಕ’ ಎಂದು ಸೂಚಿಸೋಣ, ಎಲ್ಲವೂ ದಶಮಾಂಶಗಳಲ್ಲಿರಲಿ. ಮೊದಲನೆಯದಕ್ಕೆ ಕೂಡಿದರೆ ನುಸುಳುವುದು (1 − ಮ − ಕ)(1 − ಬ). ಎರಡನೆಯದಕ್ಕೆ ಕೂಡಿದರೆ (1 − ಮ)(1 − ಬ − ಕ). ಎರಡನ್ನೂ ಬಿಡಿಸಿ, ಮೊದಲನೆಯದರಿಂದ ಎರಡನೆಯದನ್ನು ಕಳೆದರೆ ಉಳಿಯುವುದು ಕ(ಬ − ಮ). ‘ಮ’ ದೊಡ್ಡದಾಗಿದ್ದರೆ ಇದು ಋಣಸಂಖ್ಯೆ. ಎಂದರೆ ‘ಮ’ಗೆ ಕೂಡಿಸಿದಾಗಲೇ ನುಸುಳುವುದು ಕಡಿಮೆ. ಹೀಗೆ ಎರಡನೆಯ ಸೂತ್ರ ಲಭಿಸಿತು: ಎರಡು ತೆರೆಗಳಲ್ಲಿ ಈಗಾಗಲೇ ದಪ್ಪವಾಗಿರುವ ತೆರೆಯನ್ನೇ ಮಿತಿಯವರೆಗೆ ದಪ್ಪಮಾಡಬೇಕು; ಆಮೇಲೆ ಎರಡನೆಯದರ ಕಡೆ ನೋಡಬೇಕು.

ಈ ಸೂತ್ರವನ್ನು ಆಟದ ನಿಜವಾದ ಸಂಖ್ಯೆಗಳಿಗೆ ಅನ್ವಯಿಸೋಣ. ಆಟದಲ್ಲಿ ‘ಬ್ರೆಟನ್’ ಎಂಬ ಕುಲದವರಿಗೆ ಹುಟ್ಟಿನಿಂದಲೇ ಶೇಕಡ 25 ಮಾಯಾನಿರೋಧವುಂಟು. ‘ಲಾರ್ಡ್ ಸ್ಟೋನ್’ ಎಂಬ ಶಿಲೆಯನ್ನು ಮುಟ್ಟಿದವರಿಗೆ ಇನ್ನೂ ಶೇಕಡ 25 ಬರುತ್ತದೆ. ಮಾರಾ ದೇವಿಯ ಕಾರ್ಯವನ್ನು ನೆರವೇರಿಸಿದವರಿಗೆ ಶೇಕಡ 15. ಮೂರೂ ಉಳ್ಳವನ ನಿರೋಧ 65; ನುಸುಳುವುದು 35. ಇವನು ಶೇಕಡ 20 ಬಲದ ಮಾಯಾನಿರೋಧದ ಉಂಗುರವನ್ನು ತೊಟ್ಟರೆ ನಿರೋಧ ಸರಿಯಾಗಿ 85 ಆಗಿ, ನುಸುಳುವುದು 35ರಿಂದ 15ಕ್ಕೆ ಇಳಿಯುತ್ತದೆ. ಮಾಯೆಯ ಇದಿರಿನಲ್ಲಿ ಅವನ ಫಲಿತ ಪ್ರಾಣಬಲ ಹಿಂದಿನದರ 2.33 ಪಟ್ಟಾಯಿತು. ಯಾವ ನಿರೋಧವೂ ಇಲ್ಲದ ‘ಇಂಪೀರಿಯಲ್’ ಕುಲದ ಒಬ್ಬನು ಅದೇ ಉಂಗುರವನ್ನು ತೊಟ್ಟರೆ ನುಸುಳುವುದು 100ರಿಂದ 80ಕ್ಕೆ ಇಳಿಯುತ್ತದೆ, ಏರಿಕೆ 1.25 ಪಟ್ಟು ಮಾತ್ರ. ಉಂಗುರ ಒಂದೇ, ರತ್ನ ಒಂದೇ, ಬಲ ಒಂದೇ, ಬೆಲೆ ಬೇರೆ. ಮಂತ್ರದ ಬೆಲೆ ಮಂತ್ರದಲ್ಲಿಲ್ಲ, ತೊಟ್ಟವನಲ್ಲಿ ಈಗಾಗಲೇ ಏನಿದೆಯೆಂಬುದರಲ್ಲಿದೆ.

ಅದೇ ಬ್ರೆಟನ್ ವೀರನು ‘ಆಲ್ಟರೇಷನ್’ ಎಂಬ ವಿದ್ಯಾಶಾಖೆಯಲ್ಲಿ ಮಾಯಾನಿರೋಧದ ಮೂರು ಮೆಟ್ಟಿಲುಗಳನ್ನೂ ಏರಿ ಇನ್ನು ಶೇಕಡ 30 ಗಳಿಸಿದ್ದರೆ? 65ಕ್ಕೆ 30 ಸೇರಿ 95. ಮಿತಿಯನ್ನು ಆಗಲೇ ದಾಟಿಯಾಯಿತು. ಆಗ ಆ ಉಂಗುರದಿಂದ ಎಳ್ಳಷ್ಟೂ ಪ್ರಯೋಜನವಿಲ್ಲ.

ಪ್ರಾಣಬಲವೋ, ನಿರೋಧವೋ?

ಪ್ರಾಣಬಲವನ್ನೇ ಹೆಚ್ಚಿಸುವ ಮಂತ್ರವೂ ಒಂದುಂಟು. ಇದು ಶೇಕಡ ಲೆಕ್ಕದಲ್ಲಿ ಅಲ್ಲ, ನಿರ್ದಿಷ್ಟ ಅಂಶಗಳಲ್ಲಿ ಕೂಡುತ್ತದೆ. 200 ಪ್ರಾಣಬಲದವನಿಗೆ 60 ಅಂಶ ಸೇರಿದರೆ ಅವನು ಎಲ್ಲ ಬಗೆಯ ಪೆಟ್ಟಿನ ಮುಂದೆಯೂ 1.3 ಪಟ್ಟು ಗಟ್ಟಿಯಾಗುತ್ತಾನೆ. ಅದೇ 60 ಅಂಶ 600 ಪ್ರಾಣಬಲದವನಿಗೆ ಸೇರಿದರೆ 1.1 ಪಟ್ಟು ಮಾತ್ರ. ಇಲ್ಲಿ ಬರಬರುತ್ತ ಲಾಭ ಕುಗ್ಗುತ್ತದೆ. ನಿರೋಧದಲ್ಲಿ ಬರಬರುತ್ತ ಹಿಗ್ಗುತ್ತದೆ.

ಫಲಿತ ಪ್ರಾಣಬಲವು ಪ್ರಾಣಬಲವನ್ನು ನುಸುಳುವ ಪಾಲಿನಿಂದ ಭಾಗಿಸಿದ ಲಬ್ಧವಾದುದರಿಂದ ಹೋಲಿಕೆ ಸುಲಭ. ಹೊಸ ಪ್ರಾಣಬಲವನ್ನು ಹಳೆಯ ಪ್ರಾಣಬಲದಿಂದ ಭಾಗಿಸಿ ಒಂದು ಸಂಖ್ಯೆಯನ್ನು ಪಡೆಯಿರಿ. ಹಳೆಯ ನುಸುಳಿಕೆಯನ್ನು ಹೊಸ ನುಸುಳಿಕೆಯಿಂದ ಭಾಗಿಸಿ ಮತ್ತೊಂದನ್ನು ಪಡೆಯಿರಿ. ಯಾವುದು ದೊಡ್ಡದೋ ಆ ಮಂತ್ರ ಮೇಲು. ಒಂದು ಮಾತನ್ನು ಮಾತ್ರ ನೆನಪಿನಲ್ಲಿಡಬೇಕು. ನಿರೋಧವು ಮಿತಿಯನ್ನು ಮುಟ್ಟಿದ ಮೇಲೆ ಪ್ರಾಣಬಲದ ಒಂದೊಂದು ಅಂಶವೂ ಕತ್ತಿಯ ಮುಂದೆ ಐದು ಅಂಶಗಳಿಗೆ ಸಮ. ಕುಡಿದ ಔಷಧದಿಂದ ಮರಳಿ ಬಂದ ಅಂಶಗಳಿಗೂ ಇದೇ ಲೆಕ್ಕ. ಹೀಗೆ ಎರಡೂ ಒಂದಕ್ಕೊಂದು ಪ್ರತಿಸ್ಪರ್ಧಿಗಳಂತೆ ಕಂಡರೂ ಒಂದರ ಬೆಲೆಯನ್ನು ಮತ್ತೊಂದು ಏರಿಸುತ್ತದೆ.

ಸರಾಸರಿ ಒಂದೇ, ಗತಿ ಬೇರೆ

1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬವರು ರಚಿಸಿದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ದಾಳದ ಆಟವೇ ಇಂಥ ಪಾತ್ರಾಭಿನಯದ ಆಟಗಳಿಗೆಲ್ಲ ಮೂಲ. ಅದರಲ್ಲಿ ಕವಚವು ಪೆಟ್ಟನ್ನು ತಗ್ಗಿಸುತ್ತಿರಲಿಲ್ಲ. ಪೆಟ್ಟು ತಗಲುವ ಸಂಭವವನ್ನು ತಗ್ಗಿಸುತ್ತಿತ್ತು. ಸ್ಕೈರಿಮ್ ಆಟದಲ್ಲಿಯೂ ‘ಅಟ್ರೊನಾಕ್ ಸ್ಟೋನ್’ ಎಂಬ ಶಿಲೆಯು ಮಾಯೆಯನ್ನು ಹೀರಿಕೊಳ್ಳುವ ಶೇಕಡ 50 ಸಂಭವವನ್ನು ಕೊಡುತ್ತದೆ. ಹೀರಿದರೆ ಪೆಟ್ಟು ಪೂರ್ಣವಾಗಿ ಇಲ್ಲ. ಹೀರದಿದ್ದರೆ ಪೂರ್ಣವಾಗಿ ಉಂಟು. ಶೇಕಡ 50 ಮಾಯಾನಿರೋಧಕ್ಕೂ ಇದಕ್ಕೂ ವ್ಯತ್ಯಾಸವೇನು?

ವೀರನ ಪ್ರಾಣಬಲ 100, ಒಂದೊಂದು ಮಾಯಾಪ್ರಹಾರ 120 ಎಂದಿರಲಿ. ನಿರೋಧವುಳ್ಳವನಿಗೆ ಒಂದು ಪ್ರಹಾರಕ್ಕೆ 60 ಅಂಶ ತಗಲುತ್ತದೆ. ಮೊದಲನೆಯದರಲ್ಲಿ ಉಳಿಯುತ್ತಾನೆ, ಎರಡನೆಯದರಲ್ಲಿ ಬೀಳುತ್ತಾನೆ, ಇದು ನಿಶ್ಚಯ. ಹೀರುವವನಾದರೋ ಮೊದಲನೆಯದರಲ್ಲಿಯೇ ಬೀಳುವ ಸಂಭವ ಅರ್ಧ. ಎರಡನೆಯದನ್ನು ದಾಟುವ ಸಂಭವ ಕಾಲು, ಮೂರನೆಯದನ್ನು ದಾಟುವ ಸಂಭವ ಎಂಟರಲ್ಲಿ ಒಂದು. ಬೀಳುವುದಕ್ಕೆ ಬೇಕಾದ ಪ್ರಹಾರಗಳ ಸರಾಸರಿಯನ್ನು ತೆಗೆದರೆ ಇಬ್ಬರಿಗೂ ಎರಡೇ! ಸರಾಸರಿ ಒಂದೇ ಆದರೂ ಒಬ್ಬನ ಗತಿ ನಿಶ್ಚಿತ, ಮತ್ತೊಬ್ಬನದು ದಾಳದ ಮೇಲೆ. ಎರಡನೆಯ ಪ್ರಹಾರಕ್ಕೆ ಮೊದಲು ಔಷಧ ಕುಡಿಯಬಲ್ಲವನಿಗೆ ನಿಶ್ಚಯವೇ ಮೇಲು. ಸರಾಸರಿಯೊಂದನ್ನೇ ನೋಡಿ ತೀರ್ಮಾನಿಸುವುದು ಎಷ್ಟು ಅಪೂರ್ಣವೆಂಬುದಕ್ಕೆ ಇದು ಒಳ್ಳೆಯ ಉದಾಹರಣೆ.

ಸೊನ್ನೆಯ ಮಾಯೆ

ಎಲ್ಲ ಮಂತ್ರಗಳಿಗೂ ಮಿತಿಯಿರುವುದಿಲ್ಲ. ಮಾಂತ್ರಿಕನು ಪ್ರಯೋಗಕ್ಕೆ ವ್ಯಯಿಸುವ ಶಕ್ತಿಯನ್ನು ತಗ್ಗಿಸುವ ಸಂಸ್ಕಾರಗಳುಂಟು. ಕೌಶಲ ಪೂರ್ಣವಾದ ಮೇಲೆ, ಹಿರಿಯ ಆತ್ಮರತ್ನದಿಂದ, ಒಂದು ವಸ್ತುವಿನಲ್ಲಿ ಶೇಕಡ 25ರವರೆಗೆ ಇಂಥ ಇಳಿಕೆಯನ್ನು ತುಂಬಬಹುದು. ಶಿರಸ್ತ್ರಾಣ, ಎದೆಗವಚ, ಉಂಗುರ, ಕಂಠಹಾರ ಈ ನಾಲ್ಕರಲ್ಲಿ ಇದಕ್ಕೆ ಅವಕಾಶ. ಹಿಂದೆ ನೂರು ಪ್ರಯೋಗಗಳಿಗೆ ಸಾಕಾಗುತ್ತಿದ್ದ ಶಕ್ತಿಯು ಒಂದು ವಸ್ತುವಿನಿಂದ 133, ಎರಡರಿಂದ 200, ಮೂರರಿಂದ 400 ಪ್ರಯೋಗಗಳಿಗೆ ಸಾಕಾಗುತ್ತದೆ. ನಾಲ್ಕರಿಂದ? ವ್ಯಯವೇ ಸೊನ್ನೆ, ಪ್ರಯೋಗಗಳಿಗೆ ಎಣಿಕೆಯಿಲ್ಲ. ಗುಣಾಕಾರದ ನಿಯಮವಿದ್ದಿದ್ದರೆ 0.75ರ ನಾಲ್ಕನೆಯ ಘಾತ, ಎಂದರೆ ಸುಮಾರು 0.316 ವ್ಯಯ ಉಳಿದು, ಪ್ರಯೋಗಗಳು 316ರಲ್ಲಿಯೇ ನಿಲ್ಲುತ್ತಿದ್ದುವು.

ಆದುದರಿಂದ ಈ ಮಂತ್ರವನ್ನು ಆರಿಸುವವನು ಅರ್ಧದಲ್ಲಿ ನಿಲ್ಲಬಾರದು. ನಾಲ್ಕನೆಯ ವಸ್ತುವೇ ಮೊದಲ ಮೂರರ ಬೆಲೆಯನ್ನು ನಿರ್ಣಯಿಸುವುದು.

ಮಿತಿಯಿಲ್ಲದ ಕೂಡಿಕೆ ಆಟವನ್ನೇ ಕೆಡಿಸಬಲ್ಲದು. ಇದೇ ಮಾಲೆಯಲ್ಲಿ 2006ರಲ್ಲಿ ಬಂದ ‘ಆಬ್ಲಿವಿಯನ್’ ಎಂಬ ಆಟದಲ್ಲಿ ಶತ್ರುಗಳ ಕಣ್ಣಿಗೆ ಬೀಳದಂತೆ ಮರೆಸುವ ‘ಕಮೀಲಿಯನ್’ ಎಂಬ ಮಂತ್ರವಿತ್ತು. ಶೇಕಡ 20ರಂತೆ ಐದು ಸಲಕರಣೆಗಳಿಗೆ ತುಂಬಿದರೆ ಶೇಕಡ 100. ಆಮೇಲೆ ವೀರನು ಶತ್ರುವಿನ ಮಗ್ಗುಲಲ್ಲಿ ನಿಂತು ಹೊಡೆದರೂ ಅವನಿಗೆ ಕಾಣಿಸುತ್ತಿರಲಿಲ್ಲ. ಸ್ಕೈರಿಮ್ ಆಟದಲ್ಲಿ ಆಟಗಾರನಿಗೆ ಆ ಸಂಸ್ಕಾರವೇ ದೊರೆಯುವುದಿಲ್ಲ.

ಮಂತ್ರವು ಮಂತ್ರವನ್ನು ಬೆಳೆಸಿದಾಗ

ಇನ್ನೊಂದು ವಿಚಿತ್ರ. ಔಷಧ ಕಾಯಿಸುವ ಕೌಶಲವನ್ನು ಹೆಚ್ಚಿಸುವ ಉಡುಪನ್ನು ತೊಟ್ಟು, ಸಂಸ್ಕಾರದ ಕೌಶಲವನ್ನು ಹೆಚ್ಚಿಸುವ ಔಷಧವನ್ನು ಕಾಯಿಸಬಹುದು. ಆ ಔಷಧವನ್ನು ಕುಡಿದು ಹಿಂದಿನದಕ್ಕಿಂತ ಉತ್ತಮವಾದ ಉಡುಪನ್ನು ಮಾಡಬಹುದು. ಅದನ್ನು ತೊಟ್ಟು ಮತ್ತೂ ಉತ್ತಮವಾದ ಔಷಧ! ಈ ಚಕ್ರ ತುದಿಯಿಲ್ಲದೆ ಬೆಳೆಯುವುದೇ? ಸಾಮಾನ್ಯ ಕ್ರಮದಲ್ಲಿ ಬೆಳೆಯುವುದಿಲ್ಲ. ಪ್ರತಿ ಸುತ್ತಿನ ಏರಿಕೆಯೂ ಹಿಂದಿನ ಏರಿಕೆಯ ಒಂದು ಅಲ್ಪ ಭಾಗವಾದುದರಿಂದ, ಸಾಮಾನ್ಯ ಗುಣಕವು ಒಂದಕ್ಕಿಂತ ಕಡಿಮೆಯಿರುವ ಗುಣೋತ್ತರ ಶ್ರೇಢಿಯಂತೆ ಮೊತ್ತವು ಒಂದೆಡೆ ನಿಲ್ಲುತ್ತದೆ. ಆದರೆ ‘ರೆಸ್ಟೋರೇಷನ್’ ವಿದ್ಯೆಯನ್ನು ಬಲಪಡಿಸುವ ಔಷಧವು ತೊಟ್ಟ ಉಡುಪಿನ ಮಂತ್ರಗಳನ್ನೂ ಬಲಪಡಿಸುವಂತೆ ಆಟದ ರಚನೆಯಲ್ಲಿ ಒಂದು ದೋಷ ಉಳಿದುಕೊಂಡಿತ್ತು. ಅದನ್ನು ಚಕ್ರಕ್ಕೆ ಸೇರಿಸಿದರೆ ಗುಣಕವು ಒಂದನ್ನು ಮೀರಿ, ಸಂಖ್ಯೆಗಳು ಕಡಿವಾಣವಿಲ್ಲದೆ ಏರುತ್ತವೆ. ಸಭೆಯಲ್ಲಿ ಧ್ವನಿವರ್ಧಕದ ಮುಂದೆ ಮೈಕನ್ನು ಹಿಡಿದಾಗ ಕಿವಿಗಡಚಿಕ್ಕುವ ಕೂಗು ಹುಟ್ಟುವುದೂ ಇದೇ ಕಾರಣದಿಂದ.

ಸ್ಥಳವನ್ನರಿತು ಹಂಚುವುದು

ಎಲ್ಲ ಮಂತ್ರವನ್ನೂ ಎಲ್ಲೆಡೆಯೂ ತುಂಬಲು ಬರುವುದಿಲ್ಲ. ಮಾಯಾನಿರೋಧಕ್ಕೆ ಗುರಾಣಿ, ಉಂಗುರ, ಕಂಠಹಾರಗಳಲ್ಲಿ ಮಾತ್ರ ಸ್ಥಳ. ಬೆಂಕಿಯ ನಿರೋಧಕ್ಕೆ ಇವುಗಳೊಡನೆ ಪಾದರಕ್ಷೆಯೂ ಉಂಟು. ಪ್ರಾಣಬಲಕ್ಕೆ ಎದೆಗವಚ, ಗುರಾಣಿ, ಉಂಗುರ, ಕಂಠಹಾರ. ಒಬ್ಬನ ಬಳಿ ಎದೆಗವಚ, ಪಾದರಕ್ಷೆ, ಉಂಗುರ ಮೂರೇ ಉಳಿದಿವೆ. ಪ್ರಾಣಬಲ, ಅಗ್ನಿನಿರೋಧ, ಮಾಯಾನಿರೋಧ ಮೂರೂ ಬೇಕು ಎನ್ನೋಣ. ಪ್ರಾಣಬಲ ಎಲ್ಲಕ್ಕಿಂತ ಮುಖ್ಯವೆಂದು ಮೊದಲು ಕೈಗೆ ಸಿಕ್ಕಿದ ಉಂಗುರಕ್ಕೆ ಅದನ್ನು ತುಂಬಿಬಿಟ್ಟರೆ ಮಾಯಾನಿರೋಧಕ್ಕೆ ಸ್ಥಳವೇ ಉಳಿಯದು. ಮೂರರಲ್ಲಿ ಅದಕ್ಕೆ ಒಗ್ಗುವುದು ಉಂಗುರ ಒಂದೇ. ಆದುದರಿಂದ ಮುಖ್ಯವಾದುದಕ್ಕೆ ಮೊದಲು ಅಲ್ಲ, ಬೇರೆ ದಾರಿ ಇಲ್ಲದುದಕ್ಕೆ ಮೊದಲು ಸ್ಥಳ ಕೊಡಬೇಕು.

ಕಾರ್ಖಾನೆಯಲ್ಲಿ ಯಾವ ಕೆಲಸಗಾರನನ್ನು ಯಾವ ಯಂತ್ರಕ್ಕೆ ನೇಮಿಸಬೇಕೆಂಬುದೂ ಇದೇ ಸಮಸ್ಯೆ. ಇದನ್ನು ಕ್ರಮವಾಗಿ ಬಿಡಿಸುವ ಒಂದು ವಿಧಾನವನ್ನು ಅಮೆರಿಕದ ಗಣಿತಜ್ಞ ಹೆರಾಲ್ಡ್ ಕೂನ್ 1955ರಲ್ಲಿ ಪ್ರಕಟಿಸಿದನು. ಹಂಗೆರಿಯ ಇಬ್ಬರು ಗಣಿತಜ್ಞರಾದ ಕ್ಯೋನಿಗ್ ಮತ್ತು ಎಗರ್ವಾರಿಯವರ ಕೆಲಸವನ್ನು ಆಧರಿಸಿದುದರಿಂದ ಅದಕ್ಕೆ ‘ಹಂಗೇರಿಯನ್ ವಿಧಾನ’ವೆಂದು ಅವನೇ ಹೆಸರಿಟ್ಟನು.

ಆಟದ ಹೊರಗೆ

ನುಸುಳುವ ಪಾಲನ್ನು ನೋಡಬೇಕೆಂಬ ಈ ಪಾಠಕ್ಕೆ ಆಟದ ಹೊರಗೆ ಹೆಚ್ಚಿನ ಬೆಲೆಯುಂಟು. ಜವಳಿ ಅಂಗಡಿಯವನು ಶೇಕಡ 50 ಸೋಡಿ, ಅದರ ಮೇಲೆ ಇನ್ನೂ ಶೇಕಡ 20 ಸೋಡಿ ಎಂದಾಗ ಒಟ್ಟು ಸೋಡಿ 70 ಅಲ್ಲ, 60. ಇದು ಹಣದ ಮಾತಾಯಿತು. ಪ್ರಾಣದ ಮಾತೂ ಉಂಟು. ದಡಾರದ ಲಸಿಕೆಯನ್ನು ಒಮ್ಮೆ ಹಾಕಿಸಿದಾಗ ಸುಮಾರು ಶೇಕಡ 93 ರಕ್ಷಣೆಯೂ, ಎರಡು ಸಲ ಹಾಕಿಸಿದಾಗ ಸುಮಾರು ಶೇಕಡ 97 ರಕ್ಷಣೆಯೂ ದೊರೆಯುತ್ತದೆ. ‘ನಾಲ್ಕಕ್ಕಾಗಿ ಇನ್ನೊಂದು ಚುಚ್ಚುಮದ್ದೇ?’ ಎಂದು ತಾಯಿತಂದೆಯರು ಕೇಳಬಹುದು. ಸಾವಿರ ಮಕ್ಕಳಲ್ಲಿ ರಕ್ಷಣೆಯಿಲ್ಲದೆ ಉಳಿಯುವವರನ್ನು ಎಣಿಸಿ. ಒಂದು ಚುಚ್ಚುಮದ್ದಾದಾಗ 70 ಮಂದಿ. ಎರಡಾದಾಗ 30 ಮಂದಿ. ಅಪಾಯಕ್ಕೆ ಒಳಗಾಗುವವರು ಅರ್ಧಕ್ಕಿಂತಲೂ ಕಡಿಮೆಯಾದರು. ಕವಚವು ಶೇಕಡ 72ರಿಂದ 80ಕ್ಕೆ ಏರಿದಾಗ ವೀರನಿಗಾದ ಲಾಭದ ಗಣಿತವೂ ಇದೇ. ಆಟದಲ್ಲಿ ಬಿದ್ದ ವೀರನು ಮತ್ತೆ ಎದ್ದು ಆಟವನ್ನು ಮೊದಲಿನಿಂದ ಆರಂಭಿಸಬಹುದು. ಮಕ್ಕಳ ವಿಷಯದಲ್ಲಿ ಹಾಗೆ ಹೇಳುವಂತಿಲ್ಲ.

ಅಭ್ಯಾಸಕ್ಕಾಗಿ

1. ನಾಲ್ಕು ಕವಚಭಾಗಗಳನ್ನು ತೊಟ್ಟ ವೀರನ ಕವಚಾಂಕ 450. ಅದು 500 ಆದರೆ ಕತ್ತಿಯ ಮುಂದೆ ಅವನು ಎಷ್ಟು ಪಟ್ಟು ಗಟ್ಟಿಯಾಗುತ್ತಾನೆ?

2. ‘ಡಾರ್ಕ್ ಎಲ್ಫ್’ ಕುಲದವರಿಗೆ ಹುಟ್ಟಿನಿಂದ ಶೇಕಡ 50 ಅಗ್ನಿನಿರೋಧವುಂಟು, ಮಾಯಾನಿರೋಧವಿಲ್ಲ. ಶೇಕಡ 30 ಅಗ್ನಿನಿರೋಧದ ಉಂಗುರ, ಶೇಕಡ 20 ಮಾಯಾನಿರೋಧದ ಉಂಗುರ ಇವುಗಳಲ್ಲಿ ಬೆಂಕಿ ಉಗುಳುವ ಸರ್ಪದ ಇದಿರಿಗೆ ಯಾವುದು ಮೇಲು? ಹಿಮ ಉಗುಳುವ ಸರ್ಪದ ಇದಿರಿಗೆ ಯಾವುದು?

3. ಪ್ರಾಣಬಲ 300, ಕತ್ತಿಯ ಪೆಟ್ಟಿಗೆ ತಡೆ ಶೇಕಡ 76. ಪ್ರಾಣಬಲಕ್ಕೆ 60 ಅಂಶ ಕೂಡಿಸುವ ಮಂತ್ರವನ್ನು ಆರಿಸಬೇಕೋ, ತಡೆಯನ್ನು 80ಕ್ಕೆ ಏರಿಸುವುದನ್ನೋ?

ಉತ್ತರಗಳು: (1) ನುಸುಳುವ ಪಾಲು 34ರಿಂದ 28ಕ್ಕೆ ಇಳಿಯುವುದರಿಂದ ಸುಮಾರು 1.21 ಪಟ್ಟು. (2) ಬೆಂಕಿಗೆ ಅಗ್ನಿನಿರೋಧ: ನುಸುಳುವುದು 20, ಮಾಯಾನಿರೋಧವಾದರೆ 40. ಹಿಮಕ್ಕೆ ಮಾಯಾನಿರೋಧ: ನುಸುಳುವುದು 80; ಅಗ್ನಿನಿರೋಧವಾದರೆ 100. (3) ಕತ್ತಿಯ ಮುಂದೆ ಎರಡೂ ಸಮ: 360ನ್ನು 300ರಿಂದ ಭಾಗಿಸಿದರೂ 24ನ್ನು 20ರಿಂದ ಭಾಗಿಸಿದರೂ ಬರುವುದು 1.2. ಆದರೆ ಪ್ರಾಣಬಲವು ಬೆಂಕಿಯ ಮುಂದೆಯೂ ನೆರವಾಗುವುದರಿಂದ ಅದೇ ಮೇಲು.